ಕಿಡಿ ಆಕಸ್ಮಿಕ, ಹಬ್ಬುವುದು ಆಕಸ್ಮಿಕವಲ್ಲ

ಬೇಸಿಗೆ ಬಂತೆಂದರೆ ಹಾವೇರಿ ಕಡೆಯ ಪತ್ರಿಕೆಗಳ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಬಣವೆಗೆ ಆಕಸ್ಮಿಕ ಬೆಂಕಿ ತಗುಲಿತು, ಪಕ್ಕದ ಕೊಟ್ಟಿಗೆಗೂ ಹಬ್ಬಿತು, ಅಗ್ನಿಶಾಮಕ ದಳದವರು ಬಂದು ನಂದಿಸಿದರು. ನಾಲ್ಕೈದು ಸಾಲು, ಅಷ್ಟೆ. ವರ್ಷದಿಂದ ವರ್ಷಕ್ಕೆ ಊರಿನ ಹೆಸರು ಬದಲಾಗುತ್ತದೆ, ಸುಟ್ಟ ಮೇವಿನ ಲೆಕ್ಕ ಬದಲಾಗುತ್ತದೆ. 'ಆಕಸ್ಮಿಕ' ಎಂಬ ಪದ ಮಾತ್ರ ಬದಲಾಗುವುದಿಲ್ಲ.

ಈ ಪದದ ಬಗ್ಗೆಯೇ ನಮಗೆ ತಕರಾರು. ಕಿಡಿ ಆಕಸ್ಮಿಕವಾಗಿರಬಹುದು. ಬೀಡಿಯ ತುಂಡು, ವಿದ್ಯುತ್ ತಂತಿ, ಒಲೆಯ ಕೊಳ್ಳಿ ಇವು ಯಾರ ಕೈಯಲ್ಲೂ ಪೂರ್ತಿಯಾಗಿ ಇರುವುದಿಲ್ಲ. ಆದರೆ ಆ ಕಿಡಿ ಎಷ್ಟು ದೂರ ಹೋಗಬೇಕು, ಯಾವ ವೇಗದಲ್ಲಿ ಹೋಗಬೇಕು, ಯಾರ ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕು ಎಂಬುದು ಕಿಡಿ ಬೀಳುವ ಮೊದಲೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನ ಮಾಡಿದವರು ಮನುಷ್ಯರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಹತ್ತಿ, ಮೇವು, ಮೆಣಸಿನಕಾಯಿ ಮತ್ತು ಗೋದಾಮುಗಳ ಚರಿತ್ರೆಯನ್ನು ಬೆಂಕಿಯ ಕಡೆಯಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ನಾವು ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಆಮೇಲೆ ಕನ್ನಡ ಶಾಲೆಯ ಬೆಂಚಿಗೆ ಬಂದವರು. ಮನೆಯಲ್ಲಿ 'ಆಗ್ ಲಗ್ ಗಯೀ' ಎನ್ನುತ್ತಿದ್ದರು. ಓಣಿಯಲ್ಲಿ 'ಬೆಂಕಿ ಹತ್ತೇತಿ' ಎನ್ನುತ್ತಿದ್ದರು. ಉರ್ದುವಿನ 'ಲಗ್ನಾ' ಎಂದರೆ ಅಂಟಿಕೊಳ್ಳುವುದು. ಕನ್ನಡದ 'ಹತ್ತು' ಎಂದರೆ ಅಂಟಿಕೊಳ್ಳುವುದೂ ಹೌದು, ಏರುವುದೂ ಹೌದು. ಬೆಂಕಿ ಅಂಟಿಕೊಂಡು ಏರುತ್ತದೆ. ವಿಜ್ಞಾನಿಗಳು ಸಮೀಕರಣ ಬರೆದು ಹೇಳಿದ ಸಂಗತಿಯ ಅರ್ಧ ಭಾಗ ನಮ್ಮ ಓಣಿಯ ಮಾತಿನಲ್ಲೇ ಇತ್ತು.

ಉರಿಯುವುದು ಯಾವುದು?

ಕಟ್ಟಿಗೆ ಉರಿಯುತ್ತದೆ ಎನ್ನುತ್ತೇವೆ. ನಿಜವಾಗಿ ಜ್ವಾಲೆಯಾಗಿ ಉರಿಯುವುದು ಕಟ್ಟಿಗೆಯಲ್ಲ, ಕಾದ ಕಟ್ಟಿಗೆ ಬಿಡುವ ಆವಿ. ಪುಸ್ತಕ ಕಟ್ಟುವವನ ಬಳಿ ಕೆಲಸಕ್ಕಿದ್ದು, ಆ ಪುಸ್ತಕಗಳನ್ನು ಓದಿಯೇ ವಿಜ್ಞಾನಿಯಾದ ಮೈಕೇಲ್ ಫ್ಯಾರಡೆ 1860ರ ಕೊನೆಯಲ್ಲಿ ಲಂಡನ್ನಿನಲ್ಲಿ ಮಕ್ಕಳಿಗಾಗಿ ಮೇಣದ ಬತ್ತಿಯ ಮೇಲೆ ಆರು ಉಪನ್ಯಾಸಗಳನ್ನು ಆರಂಭಿಸಿದರು. ಅದರಲ್ಲಿ ಅವರು ತೋರಿಸಿದ ಒಂದು ಪ್ರಯೋಗವನ್ನು ಇಂದು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಉರಿಯುವ ಮೇಣದ ಬತ್ತಿಯನ್ನು ಮೆಲ್ಲನೆ ಆರಿಸಿ, ಮೇಲೇಳುವ ಬಿಳಿ ಹೊಗೆಗೆ ಕಡ್ಡಿ ಗೀರಿ ಹಿಡಿದರೆ, ಕಡ್ಡಿ ಬತ್ತಿಯನ್ನು ಮುಟ್ಟುವ ಮೊದಲೇ ಜ್ವಾಲೆ ಆ ಹೊಗೆಯ ದಾರಿಯಲ್ಲಿ ಇಳಿದು ಬತ್ತಿಯನ್ನು ಹಿಡಿಯುತ್ತದೆ. ಉರಿಯುತ್ತಿದ್ದದ್ದು ಮೇಣದ ಆವಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಟ್ಟಿಗೆ, ಹತ್ತಿ, ಕಾಗದ, ಕಣಿಕೆ ಎಲ್ಲದರ ಕಥೆಯೂ ಇದೇ. ಮರದ ಮೈ ಸುಮಾರು 300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾದಾಗ ಹತ್ತಿಕೊಳ್ಳುವಷ್ಟು ಆವಿಯನ್ನು ಬಿಡತೊಡಗುತ್ತದೆ. ಜ್ವಾಲೆ ತಾನು ನಿಂತ ಜಾಗವನ್ನು ಉರಿಸುತ್ತಲೇ ಪಕ್ಕದ ಜಾಗವನ್ನು ಕಾಯಿಸುತ್ತದೆ. ಪಕ್ಕದ್ದು ಕಾದು ಆವಿ ಬಿಟ್ಟ ಕೂಡಲೇ ಅಲ್ಲಿಗೆ ಕಾಲಿಡುತ್ತದೆ. ಅಂದರೆ ಬೆಂಕಿ ಹರಡುವುದೆಂದರೆ ಸಾಲಾಗಿ ಒಂದರ ನಂತರ ಒಂದು ಹೊತ್ತಿಕೊಳ್ಳುವುದು. ಕಾಡಿನ ತರಗೆಲೆಗಳ ಬೆಂಕಿಯನ್ನು ಹೀಗೆ ಸಾಲು ಹೊತ್ತಿಕೆಯೆಂದು ಭಾವಿಸಿ ಅಮೆರಿಕದ ವ್ಯಾಲೇಸ್ ಫಾನ್ಸ್ 1946ರಲ್ಲಿ ಅದರ ವೇಗಕ್ಕೆ ಲೆಕ್ಕ ಕಟ್ಟಿದರು. ಘನವಸ್ತುವಿನ ಮೈಮೇಲೆ ಜ್ವಾಲೆ ಸಾಗುವ ಬಗೆಗೆ 1969ರಲ್ಲಿ ಜಾನ್ ಡಿ ರಿಸ್ ಕೊಟ್ಟ ಗಣಿತವನ್ನು ಇಂದಿಗೂ ಸಂಶೋಧಕರು ಆಧಾರವಾಗಿ ಇಟ್ಟುಕೊಳ್ಳುತ್ತಾರೆ.

ಗಣಿತ ಬೇಡವೆನ್ನುವವರಿಗೆ ಒಂದು ಬೆಂಕಿಕಡ್ಡಿ ಸಾಕು. ಗೀರಿದ ಕಡ್ಡಿಯ ತಲೆಯನ್ನು ಮೇಲೆ ಮಾಡಿ ಹಿಡಿದರೆ ಜ್ವಾಲೆ ಕೆಳಗಿಳಿಯಲು ಹೆಣಗುತ್ತದೆ. ತಲೆಯನ್ನು ಕೆಳಗೆ ಮಾಡಿದರೆ ಕ್ಷಣದಲ್ಲಿ ಬೆರಳಿಗೆ ಬರುತ್ತದೆ. ಬಿಸಿ ಗಾಳಿ ಮೇಲಕ್ಕೇ ಹೋಗುವುದರಿಂದ ಮೇಲಿರುವ ಭಾಗ ಬೇಗ ಕಾಯುತ್ತದೆ. ತೂಗುಬಿಟ್ಟ ತೆಳು ಕಾಗದದ ಮೇಲ್ತುದಿಗೆ ಬೆಂಕಿ ಕೊಟ್ಟರೆ ಅದು ಸೆಕೆಂಡಿಗೆ ಒಂದೆರಡು ಮಿಲಿಮೀಟರ್‌ನಂತೆ ತೆವಳುತ್ತ ಇಳಿಯುತ್ತದೆ. ಕೆಳತುದಿಗೆ ಕೊಟ್ಟರೆ ಓಡುತ್ತ ಏರುತ್ತದೆ, ಏರಿದಷ್ಟೂ ವೇಗ ಹೆಚ್ಚುತ್ತದೆ. ಗಾಳಿ ಬೆಂಕಿಯ ಹಿಂದಿನಿಂದ ಬೀಸಿದರೂ ಆಗುವುದು ಇದೇ. ಮೇವು ಹೇರಿದ ಟ್ರ್ಯಾಕ್ಟರಿಗೆ ತಂತಿ ತಾಗಿ ಬೆಂಕಿ ಹತ್ತಿದಾಗ ಚಾಲಕ ಗಾಬರಿಯಿಂದ ಗಾಡಿ ಓಡಿಸಿದರೆ ಹೇರು ಪೂರ್ತಿ ಹೊತ್ತಿಕೊಳ್ಳುವುದು ಇದಕ್ಕೇ.

ಇನ್ನು ಎರಡು ಸಂಗತಿ. ದಪ್ಪದ ತೊಲೆ ಬೇಗ ಹತ್ತುವುದಿಲ್ಲ. ಅದೇ ಮರದ ಸಿಬಿರು ತಟ್ಟನೆ ಹತ್ತುತ್ತದೆ. ತೊಲೆ ತನ್ನ ಮೈಗೆ ತಾಗಿದ ಕಾವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಸಿಬಿರಿಗೆ ಒಳಗು ಎಂಬುದೇ ಇಲ್ಲ. ಹಸಿಯಿರುವ ವಸ್ತುವಿನಲ್ಲಿ ಕಾವು ಮೊದಲು ನೀರನ್ನು ಓಡಿಸಬೇಕು, ಆಮೇಲೆ ತಾನೇ ಆವಿ. ಹಾಗಾಗಿ ತೆಳ್ಳಗಿರುವುದು, ಒಣಗಿರುವುದು, ಸಡಿಲವಾಗಿರುವುದು, ಒತ್ತೊತ್ತಾಗಿ ಮೇಲೆ ಮೇಲೆ ಇರುವುದು ಇಷ್ಟು ಕೂಡಿದರೆ ಬೆಂಕಿಗೆ ದಾರಿ ಸಿದ್ಧವಾದಂತೆ.

ಹಿಂಜಿದ ಅರಳೆ

ಈ ನಾಲ್ಕೂ ಗುಣ ಕೂಡಿದ ವಸ್ತು ಯಾವುದೆಂದು ಕೇಳಿದರೆ ರಾಣೆಬೆನ್ನೂರಿನವರು ಯೋಚಿಸದೆ ಹತ್ತಿ ಎಂದಾರು. ಅಮೆರಿಕದ ಅಂತರ್ಯುದ್ಧ ನಡೆದ 1861ರಿಂದ 1865ರವರೆಗಿನ ಕಾಲದಲ್ಲಿ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದೆ ಹೋದಾಗ, ಧಾರವಾಡ ಸೀಮೆಯ ಕಪ್ಪು ನೆಲದ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಘಟ್ಟ ಇಳಿದು ಕುಮಟಾ ಬಂದರಿಗೆ ಹತ್ತಿಯ ಗಾಡಿಗಳು ಸಾಲುಗಟ್ಟಿದವು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲು ಹಾದಿ ಬಂದ ಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ದಾರದ ಮಣಿಗಳಾದವು. ವ್ಯಾಪಾರ ಬೆಳೆಯಿತು, ದಾಸ್ತಾನು ಬೆಳೆಯಿತು. ಹೊಲದಲ್ಲಿ ಹರಡಿಕೊಂಡಿದ್ದ ಹತ್ತಿ ನಾಲ್ಕು ಗೋಡೆಯೊಳಗೆ ರಾಶಿಯಾಗಿ ಬಿತ್ತು.

ಈ ಹತ್ತಿಯ ಜೊತೆ ಬದುಕಿದವರಲ್ಲಿ ಪಿಂಜಾರರು ಒಬ್ಬರು. ಪಿಂಜಾರ ಎಂದರೂ ನದಾಫ ಎಂದರೂ ಅರ್ಥ ಒಂದೇ, ಹತ್ತಿ ಹಿಂಜುವವರು. ಮೊದಲನೆಯದು ನಾಡ ಮಾತು, ಎರಡನೆಯದು ಅರಬ್ಬಿಯಿಂದ ಬಂದದ್ದು. ಬಿಲ್ಲು ಹೆಗಲಿಗೇರಿಸಿ ಊರೂರು ತಿರುಗಿ ಗಾದಿ, ದಿಂಬು ತುಂಬಿಕೊಡುತ್ತಿದ್ದ ಈ ಜನರ ಅನೇಕ ಮನೆಗಳ ಮಾತು ಕನ್ನಡ. ನಾವು ಚಿಕ್ಕವರಿದ್ದಾಗ ಗಾದಿ ಅಂಗಡಿಯ ಮುಂದೆ ನಿಂತು ಬಿಲ್ಲಿನ ನಾರಿ ಮಿಡಿಯುವ ಸದ್ದು ಕೇಳುವುದೇ ಒಂದು ಖುಷಿ. ಗಟ್ಟಿಯಾಗಿ ಕೂತಿದ್ದ ಹಳೆಯ ಹತ್ತಿ ಆ ಮಿಡಿತಕ್ಕೆ ಮೋಡದಂತೆ ಅರಳುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಚಾಚಾ ಬೀಡಿ ಸೇದುವವರೇ. ಆದರೆ ಬೀಡಿ ಹಚ್ಚಬೇಕೆಂದರೆ ರಸ್ತೆ ದಾಟಿ ಆಚೆ ಕಟ್ಟೆಗೆ ಹೋಗುತ್ತಿದ್ದರು, ಮುಗಿದ ಮೇಲೆ ತುಂಡನ್ನು ಹೊಸಕಿ, ಬಟ್ಟೆ ಕೊಡವಿಕೊಂಡು ಬರುತ್ತಿದ್ದರು. ಯಾಕೆಂದು ಕೇಳಿದರೆ 'ಹಿಂಜಿದ ಅರಳಿ ಕಣ್ಣು ಮುಚ್ಚಿ ತೆಗಿಯೂದ್ರಾಗ ಹೋಗ್ತೈತಿ ಬೇಟಾ' ಎನ್ನುತ್ತಿದ್ದರು.

ಅವರು ಹೇಳಿದ್ದು ನಿಜ. ಹಿಂಜಿದ ಅರಳೆಯ ಒಂದೊಂದು ಎಳೆಯ ಸುತ್ತಲೂ ಗಾಳಿ ಇರುತ್ತದೆ. ಎಳೆ ಕೂದಲಿಗಿಂತ ತೆಳ್ಳಗೆ. ಜ್ವಾಲೆ ರಾಶಿಯ ಮೈಮೇಲೆ ಸರ್ರನೆ ಹರಿದು ಹೋಗುತ್ತದೆ. ಅದೇ ಹತ್ತಿಯನ್ನು ಒತ್ತಿ ಬೇಲು ಕಟ್ಟಿದರೆ ಗುಣವೇ ಬೇರೆ. ಮೇಲೆ ಜ್ವಾಲೆ ಕಾಣುವುದಿಲ್ಲ, ಒಳಗೆ ದಿನಗಟ್ಟಲೆ ಕನಲುತ್ತ ಕೂರುತ್ತದೆ, ಆರಿತೆಂದು ನಂಬಿದ ಮೇಲೆ ಮತ್ತೆ ಏಳುತ್ತದೆ. ವಸ್ತು ಒಂದೇ, ಇಟ್ಟ ರೀತಿ ಬೇರೆ, ಬೆಂಕಿಯ ನಡಿಗೆಯೂ ಬೇರೆ.

ಈಗ ಬಿಲ್ಲು ಹೋಗಿ ಯಂತ್ರ ಬಂದಿದೆ, ಹತ್ತಿಯ ಗಾದಿಯ ಜಾಗಕ್ಕೆ ಫೋಮ್ ಗಾದಿ ಬಂದಿದೆ. ಫೋಮ್ ಕೂಡ ಗಾಳಿ ತುಂಬಿದ ತೆಳು ವಸ್ತುವೇ, ಆದರೆ ಎಣ್ಣೆಯ ಸಂತಾನ. ಅದು ಉರಿದರೆ ಕಾವು ಹೆಚ್ಚು, ಅದರ ಕಪ್ಪು ಹೊಗೆಯಲ್ಲಿ ವಿಷವೂ ಇರುತ್ತದೆ. ಹತ್ತಿಗೆ ಅಂಜುತ್ತಿದ್ದ ಚಾಚಾನ ಶಿಸ್ತು ಫೋಮ್ ಮಾರುವ ಅಂಗಡಿಗಳಿಗೆ ಬಂದಿದೆಯೇ? ಗಾದಿಗಳನ್ನು ಒಂದರ ಮೇಲೊಂದು ಸೂರು ಮುಟ್ಟುವವರೆಗೆ ನಿಲ್ಲಿಸಿ, ಬಾಗಿಲಲ್ಲೂ ನಾಲ್ಕು ಇಟ್ಟಿರುವ ಅಂಗಡಿಗಳನ್ನು ನೋಡಿದರೆ ಬಂದಂತೆ ಕಾಣುವುದಿಲ್ಲ.

ನಡುವಿನ ಬಯಲು

ಹಿರಿಯರು ಬೆಂಕಿಗೆ ಅಂಜುತ್ತಿದ್ದರು. ಅಂಜಿಕೆಯಿಂದಲೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳ ಮೇಲೆ ಮಣ್ಣಿನ ಹೊದಿಕೆ. ಒಳಗಿನ ತೊಲೆ ಜಂತಿಗಳು ಮರದವೇ, ಆದರೆ ಗಾಳಿಗೆ ಹಾರಿ ಬಂದ ಕಿಡಿ ಮಣ್ಣಿನ ಮೇಲೆ ಬಿದ್ದು ಸಾಯುತ್ತಿತ್ತು. ಹುಲ್ಲು ಹೊದಿಸುವ ಕಡೆ ಈ ರಕ್ಷಣೆ ಇರಲಿಲ್ಲ. ಒಂದು ಗುಡಿಸಲು ಹೊತ್ತಿದರೆ ಕೇರಿಯೇ ಹೋಗುತ್ತಿತ್ತು. ಕೇರಿ ಯಾರದೆಂದು ಬಿಡಿಸಿ ಹೇಳಬೇಕಿಲ್ಲ. ಬಡವನ ಸೂರು ಹುಲ್ಲಿನದು, ಉಳ್ಳವನ ಸೂರು ಮಣ್ಣಿನದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಸುಟ್ಟ ಮಣ್ಣಿನ ಸೂರು ಮೆಲ್ಲಗೆ ನಾಡೆಲ್ಲ ಹಬ್ಬಿತು. ಮಳೆ ಸೋರದಿರಲೆಂದು ಹೆಂಚು ಹಾಕಿಸಿದವರಿಗೆ ಕಿಡಿಯಿಂದಲೂ ರಕ್ಷಣೆ ಸಿಕ್ಕಿತು. ದೊರೆಯ ಮನೆಯಾದರೂ ಮರದ್ದಾದರೆ ಬೆಂಕಿ ಬಿಡುವುದಿಲ್ಲ ಎಂಬುದಕ್ಕೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಸುಟ್ಟುಹೋದ ಮೈಸೂರಿನ ಮರದ ಅರಮನೆ ಸಾಕ್ಷಿ. ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರಲ್ಲಿ ಮುಗಿದ ಈಗಿನ ಅರಮನೆಯಲ್ಲಿ ಕಲ್ಲು, ಕಬ್ಬಿಣ ಮುಂದೆ ಬಂದವು.

ಸೂರಿಗಿಂತ ಮುಖ್ಯವಾದದ್ದು ಜಾಗ. ಕಣ, ಬಣವೆಗಳು ಊರ ಅಂಚಿನಲ್ಲಿರುತ್ತಿದ್ದವು. ಕಣವನ್ನು ಸೆಗಣಿ ಸಾರಿಸಿ ಹುಲ್ಲುಕಡ್ಡಿ ಇಲ್ಲದಂತೆ ಬೋಳು ಮಾಡುತ್ತಿದ್ದರು. ಒಂದು ಬಣವೆಗೂ ಇನ್ನೊಂದಕ್ಕೂ ಗಾಡಿ ತಿರುಗುವಷ್ಟು ಬಯಲು. ಇದು ಕಾಳು ಹಾಳಾಗದಿರಲೆಂದು, ಗಾಡಿಗೆ ಅನುಕೂಲವಾಗಲೆಂದು ಮಾಡಿದ್ದೂ ಹೌದು. ಆದರೆ ಬೆಂಕಿಗೆ ಮುಂದಿನ ಹೆಜ್ಜೆ ಇಡಲು ಅಲ್ಲಿ ಏನೂ ಸಿಗುತ್ತಿರಲಿಲ್ಲ.

ಮೊಹರಮ್ಮಿನ ಅಲಾಯಿ ಕುಣಿ ನೆನಪಾಗುತ್ತದೆ. ಹಿಂದೂ ಮುಸ್ಲಿಮರು ಕೂಡಿ ಮಾಡುವ ಈ ಹಬ್ಬದಲ್ಲಿ ಬೆಂಕಿಯನ್ನು ಊರ ನಡುವೆಯೇ ಹಾಕುತ್ತಾರೆ. ಕುಣಿ ತೋಡುತ್ತಾರೆ, ಅಗೆದ ಮಣ್ಣು ಸುತ್ತ ಇರುತ್ತದೆ, ನೆಲ ಗುಡಿಸಿರುತ್ತದೆ. ಕೆಂಡ ಹಾಯುವ ಹೊತ್ತಿಗೆ ಕಟ್ಟಿಗೆಯ ಆವಿಯೆಲ್ಲ ಉರಿದು ಮುಗಿದಿರುತ್ತದೆ. ಉಳಿದ ಕೆಂಡಕ್ಕೆ ಕಾವಿದೆ, ಎತ್ತರದ ಜ್ವಾಲೆಯಿಲ್ಲ. ಅದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ, ಆ ಚರ್ಚೆ ಇಲ್ಲಿ ಬೇಡ. ಬೆಂಕಿಯನ್ನು ಊರೊಳಗೆ ಕರೆದರೂ ಅದಕ್ಕೊಂದು ಎಲ್ಲೆ ಹಾಕಬೇಕೆಂಬ ತಿಳಿವಳಿಕೆ ಆ ಕುಣಿ ತೋಡುವವರಿಗೆ ಇತ್ತು ಎಂಬುದಷ್ಟೇ ನಮ್ಮ ಮಾತು.

ಆಮೇಲೆ ಊರು ಬೆಳೆಯಿತು. ಊರ ಅಂಚು ಊರ ನಡುವಾಯಿತು. ಕಣದ ಜಾಗದಲ್ಲಿ ಮನೆ ಎದ್ದವು, ಬಣವೆ ಮನೆಯ ಗೋಡೆಗೆ ಆತುಕೊಂಡಿತು, ಅದರ ಮೇಲೆ ವಿದ್ಯುತ್ ತಂತಿ ಹಾದುಹೋಯಿತು. ಜಾಗಕ್ಕೆ ಬೆಲೆ ಬಂದ ದಿನ ಬಯಲು ದಂಡವೆನಿಸಿತು. ಬೆಂಕಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ.

ಇಳಿಜಾರಿನ ಪಾಠ

ಬೇರೆಡೆಯ ಜನ ಇದನ್ನು ಹೇಗೆ ಕಲಿತರು? ಬಹುಪಾಲು ಹೆಣಗಳನ್ನು ಎಣಿಸಿಯೇ ಕಲಿತರು. 1987ರ ನವೆಂಬರ್ 18ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ಸುರಂಗ ರೈಲು ನಿಲ್ದಾಣದಲ್ಲಿ ಮರದ ಚಲಿಸುವ ಮೆಟ್ಟಿಲಿನ ಕೆಳಗೆ, ಗ್ರೀಸು ಮತ್ತು ಕಸ ಸೇರಿದ್ದ ಕಡೆ ಸಣ್ಣ ಬೆಂಕಿ ಕಾಣಿಸಿಕೊಂಡಿತು. ಯಾರೋ ಎಸೆದ ಬೆಂಕಿಕಡ್ಡಿ ಕಾರಣವಿರಬೇಕೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಮೊದಲ ಕೆಲವು ನಿಮಿಷ ಅದು ರಟ್ಟಿನ ಪೆಟ್ಟಿಗೆ ಉರಿಯುವಷ್ಟೇ ಇತ್ತು. ನಂತರ ಒಮ್ಮೆಲೇ ಮೇಲಿನ ಟಿಕೆಟ್ ಹಜಾರಕ್ಕೆ ಸಿಡಿಯಿತು. 31 ಜನ ಸತ್ತರು. ಸುಮಾರು 30 ಡಿಗ್ರಿ ಇಳಿಜಾರಿನಲ್ಲಿ, ಎರಡೂ ಬದಿ ಗೋಡೆಯಿರುವ ಕಾಲುವೆಯಂಥ ಜಾಗದಲ್ಲಿ ಜ್ವಾಲೆ ಮೇಲೇಳುವ ಬದಲು ಮೆಟ್ಟಿಲಿಗೆ ಅಂಟಿಕೊಂಡು ಮಲಗುತ್ತದೆ, ಮುಂದಿನ ಮರವನ್ನೆಲ್ಲ ಒಂದೇ ಸಲ ಕಾಯಿಸುತ್ತದೆ ಎಂಬುದು ಅಲ್ಲಿಯವರೆಗೆ ಸರಿಯಾಗಿ ತಿಳಿದಿರಲಿಲ್ಲ. ಮೂರನೇ ಒಂದರಷ್ಟು ಅಳತೆಯ ಮಾದರಿ ಕಟ್ಟಿ ಸುಟ್ಟು ನೋಡಿದಾಗ ಅದು ಖಚಿತವಾಯಿತು.

ನಮ್ಮ ರಾಜ್ಯದ ಪಾಠ ಅದಕ್ಕೂ ಮೊದಲಿನದು, ಅದಕ್ಕೂ ಕ್ರೂರವಾದದ್ದು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ 92 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಡೇರೆಯ ಬಟ್ಟೆ ತೆಳ್ಳಗೆ, ಒಣಗಿ, ಮೇಲಕ್ಕೆ ಏರಿ ನಿಂತಿರುತ್ತದೆ. ಬೆಂಕಿ ಕೇಳುವುದೆಲ್ಲ ಅದರಲ್ಲಿತ್ತು. ಜನರಿಗೆ ಬೇಕಾದ ದಾರಿ ಮಾತ್ರ ಸಾಲದಾಯಿತು.

ಬ್ಯಾಡಗಿಯ ಚೀಲಗಳು

ಇಷ್ಟೆಲ್ಲ ತಿಳಿದ ಮೇಲೆ ಬ್ಯಾಡಗಿಯ ಮಾರುಕಟ್ಟೆಯಲ್ಲಿ ನಿಂತು ನೋಡಬೇಕು. ಡಬ್ಬಿ, ಕಡ್ಡಿ ಎಂಬ ತಳಿಗಳ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಹೆಚ್ಚು. ಸುಗ್ಗಿಯಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಲಾರಿಗಳು ಬರುತ್ತವೆ. ಒಣಗಿದ, ತೆಳು ಸಿಪ್ಪೆಯ, ಒಳಗೆ ಟೊಳ್ಳಾದ ಕಾಯಿ. ಅದನ್ನು ತುಂಬಿದ್ದು ಸೆಣಬಿನ ಚೀಲ. ಚೀಲದ ಮೇಲೆ ಚೀಲ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಆ ರಾಶಿಗಳ ನಡುವೆಯೇ ದಿನವಿಡೀ ಕೂತಿರುತ್ತಾರೆ. ಅಲ್ಲಿ ಬೆಂಕಿ ಎದ್ದರೆ ಹೊಗೆಯೇ ಖಾರ, ಕಣ್ಣು ಬಿಡಲಾಗದು, ಉಸಿರಾಡಲಾಗದು, ಆರಿಸಲು ಬಂದವರೂ ಹತ್ತಿರ ನಿಲ್ಲಲಾರರು.

ಮಾಲು ಕೆಡದಂತೆ ಇಡಲು ಶೀತಲಗೃಹಗಳು ಬಂದಿವೆ. ರೈತನಿಗೆ ಒಳ್ಳೆಯ ಬೆಲೆ ಬರುವವರೆಗೆ ಕಾಯಲು ಅವು ಬೇಕು. ತಣ್ಣಗಿರುವ ಜಾಗಕ್ಕೆ ಬೆಂಕಿಯ ಭಯವೇಕೆ ಎಂದು ತೋರಬಹುದು. ಆದರೆ ತಂಪನ್ನು ಹಿಡಿದಿಡಲು ಇಂಥ ಕಟ್ಟಡಗಳ ಗೋಡೆಯೊಳಗೆ ಥರ್ಮಾಕೋಲ್ ಅಥವಾ ಫೋಮ್ ಹಾಳೆ ಹಾಕುವ ರೂಢಿ ಇದೆ. ಗೋಡೆಯೊಳಗೆ ನೆಟ್ಟಗೆ ನಿಂತ ಆ ಹಾಳೆಗೆ ವೈರಿನ ಕಿಡಿ ತಾಗಿದರೆ ಜ್ವಾಲೆ ಯಾರ ಕಣ್ಣಿಗೂ ಬೀಳದೆ ಏರುತ್ತದೆ. ಹೊರಗೆ ಹೊಗೆ ಕಾಣುವ ಹೊತ್ತಿಗೆ ಒಳಗೆ ಅದರ ಕೆಲಸ ಅರ್ಧ ಮುಗಿದಿರುತ್ತದೆ.

2024ರ ಮಾರ್ಚ್ 11ರಂದು ಇದೇ ಬ್ಯಾಡಗಿಯಲ್ಲಿ ಬೇರೆ ಬಗೆಯ ಬೆಂಕಿಯನ್ನು ನಾಡು ನೋಡಿತು. ಮೆಣಸಿನಕಾಯಿಯ ಬೆಲೆ ಏಕಾಏಕಿ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಲಾಯಿತು. ಈ ಬೆಂಕಿಯನ್ನು ಯಾರೂ ಆಕಸ್ಮಿಕ ಎನ್ನಲಿಲ್ಲ. ಅದನ್ನು ನಾವು ಸಮರ್ಥಿಸುವುದಿಲ್ಲ. ಹಚ್ಚಿದವರ ಲೆಕ್ಕ ಪೊಲೀಸರು ತೆಗೆದರು, ಅದು ಅವರ ಕೆಲಸ. ಆದರೆ ಸಾಲ ಮಾಡಿ ಬೆಳೆದವನು ಮಾಲು ಹೊತ್ತು ದೂರದಿಂದ ಬಂದು, ಮರಳಿ ಒಯ್ಯಲಾಗದೆ, ಕೇಳಿದ ಬೆಲೆಗೆ ಮಾರಲೂ ಆಗದೆ ನಿಂತಾಗ ಅವನ ದೂರನ್ನು ಆ ದಿನವೇ ಕೇಳಿ ತೀರಿಸುವ ಒಂದು ಜಾಗ ಇರಬೇಕಿತ್ತು. ಚೀಲಗಳ ನಡುವೆ ಬೇಕಾದ ಬಯಲಿನಂತೆ ಇದೂ ಮೊದಲೇ ಮಾಡಿಡಬೇಕಾದ ವ್ಯವಸ್ಥೆ.

ಒಂದೇ ಬಾಗಿಲು

2023ರ ಆಗಸ್ಟ್ ಕೊನೆಯಲ್ಲಿ ಹಾವೇರಿ ಸಮೀಪದ ಆಲದಕಟ್ಟಿಯ ಪಟಾಕಿ ಗೋದಾಮಿಗೆ ಬೆಂಕಿ ಬಿತ್ತು. ಗಣೇಶನ ಹಬ್ಬ ಮುಂದಿತ್ತು, ಮಾಲು ಬಂದು ಬಿದ್ದಿತ್ತು. ವೆಲ್ಡಿಂಗ್ ಕೆಲಸದ ಕಿಡಿಯಿಂದ ಹೊತ್ತಿತೆಂದು ಆಗ ವರದಿಯಾಯಿತು. ಒಳಗೆ ದುಡಿಯುತ್ತಿದ್ದ ಕೂಲಿಕಾರರಲ್ಲಿ ಕೆಲವರು ಹೊರಗೆ ಬರಲಾಗದೆ ಸತ್ತರು. ಮರು ಅಕ್ಟೋಬರ್ 7ರಂದು ಬೆಂಗಳೂರಿನ ಅಂಚಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆ ಹೊತ್ತಿ ಹದಿನಾಲ್ಕಕ್ಕೂ ಹೆಚ್ಚು ಜನ ಸತ್ತರು. ಅಲ್ಲೂ ಸತ್ತವರಲ್ಲಿ ಹೆಚ್ಚಿನವರು ಹಬ್ಬದ ಹಂಗಾಮಿಗೆ ನಾಲ್ಕು ಕಾಸು ದುಡಿಯಲು ತಮಿಳುನಾಡಿನಿಂದ ಬಂದ ಹುಡುಗರು. ಪಟಾಕಿಯ ಮದ್ದಿನಲ್ಲಿ ಉರಿಯಲು ಬೇಕಾದ ಆಮ್ಲಜನಕವೂ ಸೇರಿರುತ್ತದೆ, ಮುಚ್ಚಿ ಆರಿಸುತ್ತೇವೆಂದರೆ ಆರುವುದಿಲ್ಲ. ರಟ್ಟಿನ ಪೆಟ್ಟಿಗೆಯಿಂದ ರಟ್ಟಿನ ಪೆಟ್ಟಿಗೆಗೆ ಅದು ದಾಟುವ ವೇಗದ ಮುಂದೆ ಮನುಷ್ಯನ ಕಾಲು ಸೋಲುತ್ತದೆ. ಆದ್ದರಿಂದಲೇ ಇಂಥ ಮಾಲಿಗೆ ಎಷ್ಟು ದಾಸ್ತಾನು, ಎಷ್ಟು ಅಂತರ ಎಂಬುದಕ್ಕೆ 2008ರ ಸ್ಫೋಟಕ ನಿಯಮಗಳಿವೆ. ಬರೆದಿಟ್ಟ ಅಂತರ ನೆಲದ ಮೇಲೆ ಉಳಿಯದಿದ್ದರೆ ಬರೆದು ಫಲವೇನು?

ಈ ಚರಿತ್ರೆಯ ಉದ್ದಕ್ಕೂ ಒಂದು ಸಂಗತಿ ಎದ್ದು ಕಾಣುತ್ತದೆ. ಬಯಲನ್ನು ತುಂಬಿದವನು ಒಬ್ಬ, ಆ ತುಂಬಿದ ಜಾಗದಲ್ಲಿ ಸಾಯುವವನು ಇನ್ನೊಬ್ಬ. ಹುಲ್ಲಿನ ಸೂರಿನ ಕೇರಿಯಿಂದ ಪಟಾಕಿ ಗೋದಾಮಿನವರೆಗೆ ಇದು ಬದಲಾಗಿಲ್ಲ. ಮಾಲಿಗೆ ವಿಮೆ ಇರುತ್ತದೆ. ಒಳಗೆ ಕೂತವರ ಹೆಸರು ಎಷ್ಟೋ ಕಡೆ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ಎಲ್ಲರೂ ಬಲ್ಲೆವು. ಬಾವಿಯ ಮಾತು ಹಾಗಿರಲಿ, ಇದ್ದ ಬಯಲನ್ನೇ ಮುಚ್ಚಿದವರು ನಾವು. ಈ ಬೇಸಿಗೆಯಲ್ಲಿ ಮಾಡಬಹುದಾದ ಕೆಲಸಗಳು ಸಣ್ಣವು. ಬಣವೆಯನ್ನು ಗೋಡೆಯಿಂದಲೂ ತಂತಿಯ ಕೆಳಗಿನಿಂದಲೂ ಸರಿಸುವುದು. ಅದರ ಸುತ್ತ ನೆಲ ಕೆತ್ತಿ ಬೋಳು ಮಾಡುವುದು. ಅಂಗಡಿಯ ಮಾಲನ್ನು ಬಾಗಿಲಿಂದ ಒಳಕ್ಕೆ ಎಳೆದುಕೊಳ್ಳುವುದು. ವೆಲ್ಡಿಂಗ್ ಮಾಡಿಸುವ ದಿನ ಮಾಲನ್ನು ಹೊರಗಿಡುವುದು. ಕೂಲಿಗೆ ಹೋಗುವ ನಮ್ಮ ಹುಡುಗರು, ತೊಟ್ಟು ಬಿಡಿಸಲು ಹೋಗುವ ನಮ್ಮ ಅಕ್ಕ ತಂಗಿಯರು ಮೊದಲ ದಿನವೇ ಧಣಿಯನ್ನು ಒಂದು ಪ್ರಶ್ನೆ ಕೇಳುವುದು: ಇನ್ನೊಂದು ಬಾಗಿಲು ಎಲ್ಲಿದೆ? ಉತ್ತರ ಇಲ್ಲದ ಗೋದಾಮಿನಲ್ಲಿ ನಾಳೆ ಬೆಂಕಿ ಬಿದ್ದರೆ ಅದನ್ನು ಆಕಸ್ಮಿಕ ಎಂದು ಬರೆಯುವುದನ್ನು ಪತ್ರಿಕೆಗಳೂ, ಓದಿ ಮಡಿಚಿಡುವುದನ್ನು ನಾವೂ ಬಿಡಬೇಕು.